ಮಲ್ಲಂದೂರಿಗೆ ದಿಬ್ಬಣ: ಮಲೆನಾಡಿನ ಮದುವೆಗೆ ಅತಿಥಿಗಳನ್ನು ಕರೆದೊಯ್ಯುವ ಲೆಕ್ಕಾಚಾರ

ಮದುವೆಯನ್ನು ತಮ್ಮ ಊರಿನ ಕಲ್ಯಾಣ ಮಂಟಪದಲ್ಲಿ ನಡೆಸದೆ ಕಾಫಿ ತೋಟದ ನಡುವೆ ನಡೆಸಬೇಕೆಂಬ ಹಂಬಲ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಅನೇಕ ವರ್ತಕ ಕುಟುಂಬಗಳಲ್ಲಿ ಇಂದು ಕಂಡುಬರುತ್ತಿದೆ. ಚಿಕ್ಕಮಗಳೂರು ತಾಲ್ಲೂಕಿನ ಮಲ್ಲಂದೂರು, ಆಲ್ದೂರು ಭಾಗಗಳು, ಮೂಡಿಗೆರೆ, ಕಳಸ ಮುಂತಾದೆಡೆಗಳ ತೋಟದ ಮನೆಗಳು, ಹೋಂಸ್ಟೇಗಳು ಮತ್ತು ರೆಸಾರ್ಟ್‌ಗಳು ಇಂತಹ ಸಮಾರಂಭಗಳಿಗೆ ತೆರೆದುಕೊಂಡಿವೆ. ಚಪ್ಪರ, ಊಟ, ಹೂವಿನ ಅಲಂಕಾರ ಇವೆಲ್ಲಕ್ಕೂ ತಿಂಗಳುಗಟ್ಟಲೆ ಯೋಚಿಸುವ ಮನೆಯವರು ಇನ್ನೂರು ಜನರನ್ನು ಅಲ್ಲಿಗೆ ತಲುಪಿಸುವ ಬಗೆಯನ್ನು ಮಾತ್ರ ಕೊನೆಯ ವಾರಕ್ಕೆ ಬಿಡುತ್ತಾರೆ. ಮುಹೂರ್ತ ಯಾರಿಗಾಗಿಯೂ ಕಾಯುವುದಿಲ್ಲ. ಕಿರಿದಾದ ತಿರುವಿನಲ್ಲಿ ಸಿಲುಕಿದ ಐವತ್ತು ಆಸನಗಳ ಬಸ್ಸಿನಲ್ಲಿ ವಧುವಿನ ಸೋದರಮಾವ ಕುಳಿತಿದ್ದರೆ ಧಾರೆಯ ವೇಳೆಗೆ ಆಗುವ ಗಲಿಬಿಲಿಯನ್ನು ವಿವರಿಸಬೇಕಾಗಿಲ್ಲ.

ಮಲೆನಾಡಿಗೆ ದಿಬ್ಬಣವೇನೂ ಹೊಸದಲ್ಲ. ಕಮಾನು ಗಾಡಿಗಳ ಕಾಲದಲ್ಲಿ ವರನ ಕಡೆಯವರು ಹಿಂದಿನ ದಿನವೇ ಹೊರಟು ದಾರಿಯ ನೆಂಟರ ಮನೆಯಲ್ಲಿ ತಂಗಿ ಮದುವೆಮನೆ ಸೇರುತ್ತಿದ್ದರು. ಆಮೇಲೆ ಬಸ್ಸುಗಳು ಬಂದವು. ಶಂಕರ್ ಟ್ರಾನ್ಸ್‌ಪೋರ್ಟ್ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯು 2020ರ ಫೆಬ್ರುವರಿಯಲ್ಲಿ ಸಂಚಾರ ನಿಲ್ಲಿಸುವವರೆಗೂ ಈ ಗುಡ್ಡಗಾಡಿನ ಜನರ ನಿತ್ಯದ ಆಸರೆಯಾಗಿತ್ತು. ಆ ಬಸ್ಸುಗಳ ಚಾಲಕರು ಇಲ್ಲಿನ ತಿರುವುಗಳ ನಡುವೆಯೇ ಬೆಳೆದವರು. ಇಂದು ಬಯಲುಸೀಮೆಯ ಚಾಲಕ, ಬಯಲುಸೀಮೆಯ ವಾಹನ ಮತ್ತು ಮೊದಲ ಬಾರಿಗೆ ಘಟ್ಟ ನೋಡುವ ಅತಿಥಿಗಳು ಒಟ್ಟಿಗೆ ಹೊರಡುತ್ತಾರೆ. ಯೋಜನೆಯ ಅಗತ್ಯ ಹುಟ್ಟುವುದೇ ಇಲ್ಲಿ.

ಪಂಚಾಂಗದ ಜೊತೆಗೆ ತೋಟದ ಕ್ಯಾಲೆಂಡರ್

ದಿನ ಗೊತ್ತುಪಡಿಸುವಾಗ ಪುರೋಹಿತರನ್ನು ಕೇಳುವಂತೆ ತೋಟದ ಮಾಲೀಕರನ್ನೂ ಕೇಳುವುದು ಒಳಿತು. ಅರೇಬಿಕಾ ಕೊಯ್ಲು ನವೆಂಬರ್ ವೇಳೆಗೆ ಆರಂಭವಾಗುತ್ತದೆ. ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು ಬಂದು ಫೆಬ್ರುವರಿಯವರೆಗೂ ಮುಂದುವರಿಯುತ್ತದೆ. ಈ ತಿಂಗಳುಗಳಲ್ಲಿ ತೋಟದ ಜೀಪು, ಪಿಕಪ್ ವಾಹನಗಳು ಹಣ್ಣು ಮತ್ತು ಆಳುಗಳನ್ನು ಸಾಗಿಸುವುದರಲ್ಲೇ ಮುಳುಗಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ತೋಟದಲ್ಲಿ ಸಮತಟ್ಟಾದ ವಿಶಾಲ ಜಾಗವೆಂದರೆ ಕಾಫಿ ಒಣಗಿಸುವ ಕಣ. ಚಪ್ಪರ ಏಳಬೇಕಾದುದೂ, ವಾಹನ ನಿಲ್ಲಬೇಕಾದುದೂ ಅಲ್ಲಿಯೇ. ಕಣದ ತುಂಬ ಕಾಫಿ ಹರವಿರುವಾಗ ಎರಡಕ್ಕೂ ಎಡೆಯಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ದೂರವಿಡುವುದೇ ಲೇಸು. ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ. ಶ್ರಾವಣದ ಲಗ್ನಗಳಿಗೆ ಇಲ್ಲಿನ ಮಳೆ ಅಡ್ಡಿ. ಕಣ ಬರಿದಾದ ಮೇಲೆ, ಮುಂಗಾರಿಗೆ ಮುನ್ನ, ಅಂದರೆ ಫೆಬ್ರುವರಿ ಕೊನೆಯಿಂದ ಮೇ ಮಧ್ಯದವರೆಗಿನ ಅವಧಿ ಎಲ್ಲ ದೃಷ್ಟಿಯಿಂದಲೂ ಸೂಕ್ತ. ಮಾರ್ಚ್, ಏಪ್ರಿಲ್‌ಗಳಲ್ಲಿ ಬೀಳುವ ಹೂಮಳೆಗೆ ತೋಟವೆಲ್ಲ ಬೆಳ್ಳಗೆ ಅರಳುವುದೂ ಉಂಟು. ಅದು ಅತಿಥಿಗಳಿಗೆ ಹಬ್ಬ. ಚಪ್ಪರದವರಿಗೆ ಮಾತ್ರ ತಗಡಿನ ಮಾಡು ಬೇಕೆಂಬ ಎಚ್ಚರಿಕೆ.

ಯಾವ ದಾರಿ?

ಬೆಂಗಳೂರಿನಿಂದ ಹೊರಡುವವರಿಗೆ ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು ಮಾರ್ಗವಾಗಿ ಚಿಕ್ಕಮಗಳೂರು ಸುಮಾರು 245 ಕಿ.ಮೀ. ಹಾಸನದವರೆಗೆ ರಾಷ್ಟ್ರೀಯ ಹೆದ್ದಾರಿ 75 ಚತುಷ್ಪಥವಾಗಿರುವುದರಿಂದ ಪ್ರಯಾಣ ಸುಗಮ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ಮಾರ್ಗ ಇನ್ನೊಂದು. ಹುಬ್ಬಳ್ಳಿ, ದಾವಣಗೆರೆ ಕಡೆಯ ಹಿರಿಯರಿಗೆ ರೈಲಿನಲ್ಲಿ ಕಡೂರಿಗೆ ಬಂದಿಳಿಯುವುದೇ ಹಿತಕರ. ಅಲ್ಲಿಂದ ಚಿಕ್ಕಮಗಳೂರು ಸುಮಾರು 40 ಕಿ.ಮೀ. ಕಡೂರು–ಚಿಕ್ಕಮಗಳೂರು ರೈಲು ಮಾರ್ಗವೂ 2013ರಲ್ಲಿ ಆರಂಭವಾಗಿದೆ. ದೂರದಿಂದ ವಿಮಾನದಲ್ಲಿ ಬರುವವರಿಗೆ ಮಂಗಳೂರಿನ ಜೊತೆಗೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡ ಶಿವಮೊಗ್ಗ ನಿಲ್ದಾಣವೂ ಇದೆ. ಶಿವಮೊಗ್ಗದಿಂದ ತರೀಕೆರೆ, ಲಿಂಗದಹಳ್ಳಿ ಮೂಲಕ ಬರಬಹುದು.

ಕರಾವಳಿಯವರ ಮಾತು ಬೇರೆ. ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ ಮಾರ್ಗ ಹತ್ತಿರದ್ದು. ಆದರೆ 2019ರ ಆಗಸ್ಟ್‌ನ ಭೂಕುಸಿತದಿಂದ ಚಾರ್ಮಾಡಿ ಘಾಟಿಯು ಮುಚ್ಚಲ್ಪಟ್ಟು, ಸಂಚಾರ ತೆರೆದ ನಂತರವೂ ಭಾರಿ ವಾಹನಗಳಿಗೆ ದೀರ್ಘಕಾಲ ನಿರ್ಬಂಧವಿದ್ದುದನ್ನು ವರ್ತಕರು ಮರೆತಿರಲಾರರು. ಶಿರಾಡಿ ಘಾಟಿಯೂ 2015 ಮತ್ತು 2018ರಲ್ಲಿ ಕಾಂಕ್ರೀಟ್ ಕಾಮಗಾರಿಗಾಗಿ ತಿಂಗಳುಗಟ್ಟಲೆ ಬಂದ್ ಆಗಿತ್ತು; 2024ರ ಜುಲೈನಲ್ಲಿ ಸಕಲೇಶಪುರ ಬಳಿ ಮಣ್ಣು ಕುಸಿದು ಮತ್ತೆ ತೊಂದರೆಯಾಯಿತು. ಕಾರ್ಕಳದಿಂದ ಕುದುರೆಮುಖ, ಕಳಸ, ಬಾಳೆಹೊನ್ನೂರು ಮೂಲಕ ಬರುವ ಮೂರನೆಯ ದಾರಿ ಅಭಯಾರಣ್ಯದ ನಡುವೆ ಹಾದುಹೋಗುವುದರಿಂದ ಅರಣ್ಯ ತನಿಖಾ ಠಾಣೆಯ ನಿಯಮಗಳಿಗೆ ಒಳಪಟ್ಟಿದೆ. ಆದ್ದರಿಂದ ಮಂಗಳೂರಿನ ಕಡೆಯ ಬೀಗರಿಗೆ ಒಂದೇ ದಾರಿ ಹೇಳಿ ಸುಮ್ಮನಾಗದೆ ಎರಡನೆಯದನ್ನೂ ಬರೆದುಕೊಡಬೇಕು. ಹೊರಡುವ ಹಿಂದಿನ ಸಂಜೆ ಘಾಟಿಯ ಸ್ಥಿತಿಯನ್ನು ಪೊಲೀಸ್ ಠಾಣೆಯಿಂದಲೋ, ಕೊಟ್ಟಿಗೆಹಾರದ ಹೋಟೆಲಿನವರಿಂದಲೋ ವಿಚಾರಿಸಬೇಕು. ಎರಡನೆಯವರ ಮಾಹಿತಿ ಎಷ್ಟೋ ವೇಳೆ ಹೆಚ್ಚು ತಾಜಾ!

ಬಾಡಿಗೆಯ ಗಣಿತ

ಬಹುತೇಕ ಖಾಸಗಿ ವಾಹನ ಮಾಲೀಕರು ಹೊರಊರಿನ ಬಾಡಿಗೆಗೆ ದಿನವೊಂದಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂದು ಲೆಕ್ಕ ಹಿಡಿಯುತ್ತಾರೆ. ಅದು 300 ಎಂದಿಟ್ಟುಕೊಳ್ಳೋಣ. ಬೆಂಗಳೂರಿನಿಂದ ಮಲ್ಲಂದೂರಿನ ತೋಟಕ್ಕೆ ಸುಮಾರು 270 ಕಿ.ಮೀ. ಎಂದು ಹಿಡಿದರೆ ಹೋಗಿ ಬರಲು 540. ತಂಗುವ ಮನೆಗಳಿಂದ ಚಪ್ಪರಕ್ಕೆ ಓಡಾಟ 60 ಸೇರಿಸಿದರೆ 600. ಎರಡು ದಿನದ ಕನಿಷ್ಠ ಲೆಕ್ಕವೂ 600 ಆಗಿರುವುದರಿಂದ ಇಲ್ಲಿ ಒಂದು ಪೈಸೆಯೂ ವ್ಯರ್ಥವಾಗದು. ಬೀಗರೂಟವೆಂದು ಇನ್ನೊಂದು ದಿನ ಉಳಿದರೆ ಬಿಲ್ಲು 900 ಕಿ.ಮೀ.ಗೆ ಏರುತ್ತದೆ, ವಾಹನ ಓಡಿದ್ದು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಇಳಿಸಿ ಹಿಂದಿರುಗಿ, ಮತ್ತೆ ಬಂದು ಕರೆದೊಯ್ಯಲಿ ಎನ್ನೋಣವೇ? ಖಾಲಿ ಓಟವೂ ಸೇರಿ 1,080 ಕಿ.ಮೀ. ಆಗುತ್ತದೆ. ಅಂದರೆ ಮೂರು ದಿನದವರೆಗೂ ವಾಹನವನ್ನು ಅಲ್ಲಿಯೇ ಉಳಿಸಿಕೊಳ್ಳುವುದು ಅಗ್ಗ. ನಾಲ್ಕನೆಯ ದಿನಕ್ಕೆ ಕಾಲಿಟ್ಟರೆ ಲೆಕ್ಕ ತಿರುಗಿಬೀಳುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅನೇಕ ಮಾಲೀಕರು ದಿನವೆಂದರೆ 24 ಗಂಟೆಯೆಂದು ಎಣಿಸುವುದಿಲ್ಲ. ನಡುರಾತ್ರಿಯಿಂದ ನಡುರಾತ್ರಿಯವರೆಗೆ ಎಣಿಸುತ್ತಾರೆ. ರಾತ್ರಿ ಹತ್ತಕ್ಕೆ ಹೊರಟರೆ ಆ ಎರಡು ಗಂಟೆಗಳೇ ಒಂದು ದಿನದ ಬಾಡಿಗೆಯನ್ನು ನುಂಗುತ್ತವೆ. ಹಗಲಿಡೀ ದುಡಿದ ಚಾಲಕ ಬೆಳಗಿನ ಜಾವದ ಮಂಜಿನಲ್ಲಿ ಘಟ್ಟದ ತಿರುವು ಹತ್ತುವಂತಾಗುವುದು ಇನ್ನೂ ದುಬಾರಿ ವಿಷಯ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಚಾಲಕನಿಗೆ ದಿನಕ್ಕೆ 8 ಗಂಟೆಯ ಕೆಲಸ, ಸತತ 5 ಗಂಟೆಯ ನಂತರ ಕನಿಷ್ಠ ಅರ್ಧ ಗಂಟೆಯ ವಿರಾಮ ಎಂದು ನಿಗದಿಪಡಿಸಿತ್ತು. ಕಾನೂನು ಈಗ ಹೊಸ ಸಂಹಿತೆಯಲ್ಲಿ ಲೀನವಾಗಿದ್ದರೂ ಆ ಅಳತೆ ಇಂದಿಗೂ ಒಳ್ಳೆಯ ಅಳತೆಯೇ. ಚಾಲಕನಿಗೆ ಮಲಗಲು ಹಾಸಿಗೆಯಿರುವ ಕೋಣೆ, ಅತಿಥಿಗಳ ಪಂಕ್ತಿಯಲ್ಲೇ ಊಟ, ಮುಂಗಡವಾಗಿ ಬಾಟಾ ಇವು ಉಪಚಾರವಲ್ಲ, ನಲವತ್ತು ಜೀವಗಳ ವಿಮೆ.

ವಿಮೆಯೆಂದ ಮೇಲೆ ಬಿಳಿ ಫಲಕದ ವಾಹನಗಳ ಮಾತನ್ನೂ ಹೇಳಬೇಕು. ಪರಿಚಯದವರ ಸ್ವಂತ ವಾಹನವನ್ನು ಕಡಿಮೆ ಬಾಡಿಗೆಗೆ ಪಡೆಯುವ ರೂಢಿ ವ್ಯಾಪಕವಾಗಿದೆ. ಖಾಸಗಿ ನೋಂದಣಿಯ ವಾಹನವನ್ನು ಬಾಡಿಗೆಗೆ ಓಡಿಸುವುದು ಪರವಾನಗಿಯ ಉಲ್ಲಂಘನೆ; ಅಪಘಾತವಾದಲ್ಲಿ ವಿಮಾ ಕಂಪನಿ ತಕರಾರು ತೆಗೆಯಲು ಅದೊಂದೇ ಸಾಕು. ಹಳದಿ ಫಲಕ, ಪರವಾನಗಿ, ಅರ್ಹತಾ ಪತ್ರ, ವಿಮೆ ಇವುಗಳ ಪ್ರತಿಯನ್ನು ಮುಂಗಡ ಕೊಡುವ ಮೊದಲೇ ಪಡೆಯಬೇಕು. ಕೆ.ಎಸ್.ಆರ್.ಟಿ.ಸಿ.ಯೂ ಸಾಂದರ್ಭಿಕ ಒಪ್ಪಂದದ ಮೇಲೆ ಬಸ್ಸು ಕೊಡುತ್ತದೆ. ಕಾಗದಪತ್ರದ ಚಿಂತೆ ಬೇಡವೆನ್ನುವವರಿಗೆ ಅದು ಅನುಕೂಲ. ಮದುವೆಯ ಬಸ್ಸಿನ ಬಿಲ್ಲನ್ನು ಅಂಗಡಿಯ ಹೆಸರಿಗೆ ಬರೆಸಿ ಹೂಡುವಳಿ ತೆರಿಗೆ ಜಮೆ ಪಡೆಯುವ ಯೋಚನೆಯನ್ನು ಕೈಬಿಡುವುದು ಕ್ಷೇಮ. ಸ್ವಂತ ಉಪಯೋಗದ ಸೇವೆಗೆ ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮು ಅದನ್ನು ನಿರ್ಬಂಧಿಸಿದೆ.

ಕೊನೆಯ ಮೈಲಿಗಳು

ಇಡೀ ಯೋಜನೆಯ ಅಳಿವು ಉಳಿವು ಚಿಕ್ಕಮಗಳೂರು ದಾಟಿದ ನಂತರದ ದಾರಿಯಲ್ಲಿದೆ. ಬಾಬಾಬುಡನ್‌ಗಿರಿ ಸಾಲಿನ ಸೆರಗಿನಲ್ಲಿ ಸಾಗುವ ಮಲ್ಲಂದೂರು ರಸ್ತೆಯೇ ಮುಂದೆ ಭದ್ರಾ ಅಭಯಾರಣ್ಯದ ಮುತ್ತೋಡಿಗೂ ಒಯ್ಯುತ್ತದೆ. ನಕ್ಷೆಯಲ್ಲಿ ದೂರ ಅಲ್ಪವೆನಿಸಿದರೂ ತಿರುವುಗಳಿಂದಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮೀಸಲಿಡಬೇಕು. ಮುಖ್ಯರಸ್ತೆಯಿಂದ ತೋಟಕ್ಕೆ ಕವಲೊಡೆಯುವ ಹಾದಿಯಂತೂ ತೋಟದವರು ತಮ್ಮ ಜೀಪಿಗಾಗಿ ಮಾಡಿಕೊಂಡದ್ದು. ಕಿರಿದಾದ ಗೇಟು, ಹಳೆಯ ಮೋರಿ, ತಗ್ಗಿನಲ್ಲಿ ಜೋತುಬಿದ್ದ ವಿದ್ಯುತ್ ತಂತಿ, ಸಿಲ್ವರ್ ಓಕ್ ಮರದ ಕೊಂಬೆ, ಇವುಗಳಲ್ಲಿ ಯಾವುದಾದರೊಂದು ದೊಡ್ಡ ಬಸ್ಸನ್ನು ತಡೆದೇ ತಡೆಯುತ್ತದೆ. ಹಿಂದಕ್ಕೆ ತಿರುಗಿಸಲು ಸ್ಥಳವೂ ಇರುವುದಿಲ್ಲ.

ಈ ಕಾರಣದಿಂದ ಒಂದು ದೊಡ್ಡ ಬಸ್ಸಿಗಿಂತ ಎರಡು ಮಿನಿ ಬಸ್ಸುಗಳು ಮೇಲು. ದೊಡ್ಡ ಬಸ್ಸೇ ಆಗಬೇಕೆಂದರೆ ಅದನ್ನು ಚಿಕ್ಕಮಗಳೂರಿನಲ್ಲಿಯೇ ನಿಲ್ಲಿಸಿ, ಅಲ್ಲಿನ ಮ್ಯಾಕ್ಸಿಕ್ಯಾಬ್ ಮತ್ತು ಜೀಪುಗಳಲ್ಲಿ ಅತಿಥಿಗಳನ್ನು ಮೇಲಕ್ಕೆ ಕಳುಹಿಸಬೇಕು. ಸ್ಥಳೀಯ ಚಾಲಕರಿಗೆ ಮಂಜಿನಲ್ಲಿಯೂ ದಾರಿ ಗೊತ್ತು, ಎದುರು ವಾಹನಕ್ಕೆ ಎಲ್ಲಿ ಬದಿಗೆ ಸರಿಯಬೇಕೆಂಬುದೂ ಗೊತ್ತು. ಮದುವೆಗೆ ಒಂದು ತಿಂಗಳ ಮೊದಲು, ಬಳಸಲಿರುವ ಅಳತೆಯ ವಾಹನದಲ್ಲಿಯೇ ಒಮ್ಮೆ ತೋಟದ ಅಂಗಳದವರೆಗೂ ಹೋಗಿಬರುವುದಕ್ಕೆ ಬದಲಿ ಉಪಾಯವಿಲ್ಲ. ಕಾರಿನಲ್ಲಿ ಹೋಗಿ ನೋಡಿ ಬಸ್ಸಿಗೆ ದಾರಿ ಸಾಕೆಂದು ಹೇಳುವವರ ಮಾತನ್ನು ನಂಬಲಾಗದು.

ತಂಗುವ ವ್ಯವಸ್ಥೆ ಈ ಲೆಕ್ಕಕ್ಕೆ ನೇರವಾಗಿ ತಳಕುಹಾಕಿಕೊಂಡಿದೆ. ಹೋಂಸ್ಟೇಯೊಂದರಲ್ಲಿ ಸಾಮಾನ್ಯವಾಗಿ ಐದಾರು ಕೋಣೆಗಳು. ಕೋಣೆಗೆ ಮೂವರಂತೆ ಹಿಡಿದರೂ ನೂರು ಜನರಿಗೆ ಆರೇಳು ಮನೆಗಳು ಬೇಕು. ಅವೆಲ್ಲವೂ ಬೇರೆ ಬೇರೆ ತೋಟದ ಹಾದಿಗಳಲ್ಲಿ ಇರುತ್ತವೆ. ವಯಸ್ಸಾದವರನ್ನು ಚಪ್ಪರಕ್ಕೆ ಅತಿ ಸಮೀಪದ ಮನೆಯಲ್ಲಿಟ್ಟು, ಯುವಕರನ್ನು ದೂರದ ಮನೆಗಳಿಗೆ ಹಂಚುವುದು ವಿವೇಕ. ವಿದೇಶಿ ಪೌರತ್ವ ಪಡೆದ ನೆಂಟರಿದ್ದರೆ ಅವರ ವಿವರವನ್ನು ತಂಗುದಾಣದವರು 24 ಗಂಟೆಯೊಳಗೆ ಅಧಿಕಾರಿಗಳಿಗೆ ಸಲ್ಲಿಸಬೇಕಾಗುತ್ತದೆ. ಪಾಸ್‌ಪೋರ್ಟ್ ಪ್ರತಿಗಳನ್ನು ಮೊದಲೇ ಒದಗಿಸುವುದು ಸೂಕ್ತ. ಇನ್ನು ಕಾಡಾನೆ. ಆಲ್ದೂರು, ಮೂಡಿಗೆರೆ ಭಾಗಗಳಲ್ಲಿ ಅವುಗಳ ಸಂಚಾರ ಕೂಲಿ ಕಾರ್ಮಿಕರ ಪ್ರಾಣಕ್ಕೇ ಎರವಾಗಿರುವುದರಿಂದ ಇದು ತಮಾಷೆಯ ಸಂಗತಿಯಲ್ಲ. ಕತ್ತಲಾದ ಮೇಲೆ ಅತಿಥಿಗಳು ತೋಟದ ಹಾದಿಯಲ್ಲಿ ಕಾಲ್ನಡಿಗೆಯಲ್ಲಿ ಹೋಗಕೂಡದು. ಆರತಕ್ಷತೆಯನ್ನು ಸಂಜೆ ಬೇಗ ಮುಗಿಸಿ ವಾಹನದಲ್ಲಿಯೇ ಮನೆ ಮುಟ್ಟಿಸಬೇಕು.

ಹೊರಡುವ ದಿನ

ವರಪೂಜೆಯ ದಿನ ಬೆಳಿಗ್ಗೆ ಐದೂವರೆಗೆ ಹೊರಟು ಆರೂವರೆಯೊಳಗೆ ನೆಲಮಂಗಲ ದಾಟಿದರೆ ಅರ್ಧ ಕೆಲಸ ಮುಗಿದಂತೆ. ಜಯನಗರ, ಮಲ್ಲೇಶ್ವರ, ಗೊರಗುಂಟೆಪಾಳ್ಯ ಹೀಗೆ ಮೂರಕ್ಕಿಂತ ಹೆಚ್ಚು ಕಡೆ ಬಸ್ಸು ನಿಲ್ಲಿಸಬಾರದು. ಪ್ರತಿಯೊಂದು ನಿಲುಗಡೆಯೂ ಕಾಲು ಗಂಟೆಯನ್ನು ತಿನ್ನುತ್ತದೆ. ಬೆಳ್ಳೂರು ಕ್ರಾಸ್ ಸುತ್ತಮುತ್ತ ಉಪಾಹಾರ, ಹಾಸನದಾಚೆ ಕಾಫಿ, ಒಂದು ಗಂಟೆಯ ಹೊತ್ತಿಗೆ ಮದುವೆಮನೆಯ ಊಟ. ಬೇಲೂರು ದಾರಿಯಲ್ಲಿಯೇ ಸಿಗುವುದರಿಂದ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಚೆನ್ನಕೇಶವ ದೇವಾಲಯವನ್ನು ನೋಡೋಣವೆಂಬ ಒತ್ತಾಯ ಬಂದೇ ಬರುತ್ತದೆ. ಅದನ್ನು ಹಿಂದಿರುಗುವಾಗಿನ ಪಟ್ಟಿಗೆ ಹಾಕುವುದೇ ಜಾಣತನ. ಮುಳ್ಳಯ್ಯನಗಿರಿಗೆ ಹೋಗಬಯಸುವವರು 2025ರಲ್ಲಿ ಜಿಲ್ಲಾಡಳಿತ ಜಾರಿಗೆ ತಂದ ಮುಂಗಡ ಆನ್‌ಲೈನ್ ನೋಂದಣಿ ಹಾಗೂ ದೈನಿಕ ವಾಹನ ಮಿತಿಯನ್ನು ಗಮನಿಸಬೇಕು.

ಪ್ರತಿ ವಾಹನಕ್ಕೂ ಒಬ್ಬ ಮುಖ್ಯಸ್ಥನಿರಲಿ. ಅವನ ಕೈಯಲ್ಲಿ ಪ್ರಯಾಣಿಕರ ಪಟ್ಟಿ, ಮೂರು ದೂರವಾಣಿ ಸಂಖ್ಯೆ, ಟೋಲಿಗೆ ಹಣವಿರುವ ಫಾಸ್ಟ್‌ಟ್ಯಾಗ್‌ನ ಖಾತರಿ, ವಾಂತಿಯಾಗುವವರಿಗೆ ಕಾಗದದ ಚೀಲ ಮತ್ತು ಶುಂಠಿ ಇರಬೇಕು. ದಾರಿಯ ವಿವರವನ್ನು ಕನ್ನಡದಲ್ಲಿ ಮುದ್ರಿಸಿ ಕೊಡಬೇಕು. ತೋಟಗಳ ನಡುವೆ ಮೊಬೈಲ್ ಸಂಕೇತ ಆಗಾಗ ಕಡಿದುಹೋಗುತ್ತದೆ. ಸಿಕ್ಕಾಗಲೂ ಫೋನಿನ ನಕ್ಷೆ ಬೇರೊಬ್ಬರ ತೋಟದ ಗೇಟಿಗೆ ಒಯ್ದು ನಿಲ್ಲಿಸುವುದುಂಟು. ಕವಲು ದಾರಿಯಲ್ಲಿ ಒಂದು ಬಾಳೆಕಂದು, ಮಾವಿನ ತೋರಣ ಕಟ್ಟಿ ಒಬ್ಬ ಆಳನ್ನು ನಿಲ್ಲಿಸಿದರೆ ಯಾವ ನಕ್ಷೆಯೂ ಬೇಡ.

ಹಿಂದಿರುಗುವಾಗ ಮೊದಲ ವಾಹನ ಮಧ್ಯಾಹ್ನ ಎರಡಕ್ಕೆ, ಕೊನೆಯದು ಮೂರೂವರೆಯೊಳಗೆ ತೋಟ ಬಿಡಬೇಕು. ಚಿಕ್ಕಮಗಳೂರಿನಲ್ಲಿ ಅರ್ಧ ಗಂಟೆ ಕೊಟ್ಟರೆ ಅತಿಥಿಗಳು ಕಾಫಿಪುಡಿ, ಕಾಳುಮೆಣಸು, ಜೇನು ಕೊಳ್ಳುತ್ತಾರೆ. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ತಳಿಗಳಾದ್ದರಿಂದ ತಾಂಬೂಲದ ಜೊತೆಗೇ ಕಾಲು ಕಿಲೋ ಪೊಟ್ಟಣ ಕೊಡುವ ಮನೆಗಳೂ ಇವೆ. ಕೊನೆಯ ವಾಹನದಲ್ಲಿ ಎರಡು ಆಸನ ಖಾಲಿ ಇರಲಿ. ಮರೆತುಹೋದ ಚೀಲಗಳೂ, ತಡವಾಗಿ ಎದ್ದ ಒಬ್ಬ ಚಿಕ್ಕಪ್ಪನೂ ಪ್ರತಿ ಮದುವೆಯಲ್ಲಿಯೂ ಇದ್ದೇ ಇರುತ್ತಾರೆ.