ಮ್ಯಾಗ್ನೆಟ್ ಅಂಟದಿದ್ದರೆ ಸಾಕೇ? ಸ್ಟೇನ್‌ಲೆಸ್ ಸ್ಟೀಲ್, ಇಂಕೊನೆಲ್ ಮತ್ತು ಒಂದು ತಪ್ಪು ನಂಬಿಕೆ

"ಮ್ಯಾಗ್ನೆಟ್ ಅಂಟದಿದ್ದರೆ ಅದು ಅಸಲಿ ಸ್ಟೇನ್‌ಲೆಸ್ ಸ್ಟೀಲ್, ಅದಕ್ಕೆ ಯಾವತ್ತೂ ತುಕ್ಕು ಹಿಡಿಯಲ್ಲ." ಇಂಥ ಮಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಪಾತ್ರೆ ಕೊಳ್ಳುವಾಗ ಇದನ್ನು ನಂಬಿದರೆ ಹೆಚ್ಚೇನೂ ಆಗದು. ಕಾರ್ಖಾನೆಯ ಪೈಪು, ವಾಲ್ವು, ಬೋಲ್ಟುಗಳ ವಿಷಯದಲ್ಲಿ ನಂಬಿದರೆ ಜೀವಕ್ಕೇ ಕುತ್ತು.

ಮೊದಲು ಮ್ಯಾಗ್ನೆಟ್ ವಿಷಯ. 430 ದರ್ಜೆಯ ಸ್ಟೀಲ್‌ಗೆ ಮ್ಯಾಗ್ನೆಟ್ ಚೆನ್ನಾಗಿಯೇ ಅಂಟುತ್ತದೆ, ಆದರೂ ಅದು ಅಸಲಿ ಸ್ಟೇನ್‌ಲೆಸ್. ಹೆಚ್ಚು ಬಳಕೆಯಲ್ಲಿರುವ 304ಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ. ಅದಕ್ಕಿಂತ ಹಲವು ಪಟ್ಟು ದುಬಾರಿಯಾದ ಇಂಕೊನೆಲ್‌ಗೂ ಅಂಟುವುದಿಲ್ಲ! ನೋಡಲು ಎರಡೂ ಬೆಳ್ಳಗೆ ಒಂದೇ ಥರ.

ಇನ್ನು ತುಕ್ಕು. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದ ತೆಳು ಪೊರೆಯಾಗುತ್ತದೆ. ಕಾಪಾಡುವುದು ಆ ಪೊರೆಯೇ. ಉಪ್ಪು, ಕ್ಲೋರಿನ್‌ಗಳಿಂದ ಬರುವ ಕ್ಲೋರೈಡ್ ಅದನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಲೋಹದ ಮೇಲೆ ಎಳೆತವೂ ಇದ್ದರೆ, ಸವೆದು ತೆಳುವಾಗುವ ಮೊದಲೇ ಒಳಗೊಳಗೇ ಸೀಳುತ್ತದೆ.

1985ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಉಸ್ಟರ್ ಪಟ್ಟಣದಲ್ಲಿ ಆದದ್ದು ಇದೇ. ಒಳಾಂಗಣ ಈಜುಕೊಳದ ಕಾಂಕ್ರೀಟ್ ಒಳಮಾಳಿಗೆಯನ್ನು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು ಎತ್ತಿ ಹಿಡಿದಿದ್ದವು. ಕೊಳದ ಗಾಳಿಯಲ್ಲಿದ್ದ ಕ್ಲೋರೈಡ್ ಅವುಗಳ ಮೇಲೆ ಕೂತು ಬಿರುಕು ಬಿಡಿಸಿತು. ಮಾಳಿಗೆ ಕುಸಿದು 12 ಜನ ಸತ್ತರು. ಅಲ್ಲಿದ್ದದ್ದು ನಕಲಿ ಸ್ಟೀಲ್ ಅಲ್ಲ, ಆ ಜಾಗಕ್ಕೆ ಹೊಂದದ ಸ್ಟೀಲ್.

ಹಾಗಾದರೆ ಎಲ್ಲೆಡೆ ಇಂಕೊನೆಲ್ ಹಾಕಿದರಾಯಿತೇ? ಬೇಕಿಲ್ಲ. ಇಂಕೊನೆಲ್ 625ರಲ್ಲಿ ನಿಕಲ್ ಕನಿಷ್ಠ 58%, ಮಾಲಿಬ್ಡಿನಂ 8ರಿಂದ 10%. ಸಮುದ್ರದ ನೀರು, ಹಲವು ಕಟು ರಾಸಾಯನಿಕಗಳನ್ನು ಅದು ತಡೆಯುತ್ತದೆ ನಿಜ. ಆದರೆ ಉಪ್ಪಿನಂಶ ಸ್ವಲ್ಪವೇ ಇದ್ದರೆ 316 ದರ್ಜೆ ಸಾಕಾಗಬಹುದು. ಈಜುಕೊಳದ ಮಾಳಿಗೆಯಂಥ ಕಡೆಗೂ ಮಾಲಿಬ್ಡಿನಂ ಹೆಚ್ಚಿರುವ ವಿಶೇಷ ಸ್ಟೇನ್‌ಲೆಸ್ ಸ್ಟೀಲ್‌ಗಳಿವೆ. ಇಂಕೊನೆಲ್ ಕೊರೆಯುವುದೂ ಸುಲಭವಲ್ಲ. ಕೊರೆದಷ್ಟೂ ಗಟ್ಟಿಯಾಗಿ ಟೂಲ್ ಬೇಗ ಸವೆಯುತ್ತದೆ, ಖರ್ಚು ಅಲ್ಲೂ ಏರುತ್ತದೆ.

ಇಂಕೊನೆಲ್ ನಿಜವಾಗಿ ಗೆಲ್ಲುವ ಇನ್ನೊಂದು ಜಾಗ ಬಿಸಿ. ಇಲ್ಲೊಂದು ತಮಾಷೆಯಿದೆ. ಇಂಕೊನೆಲ್ 718 ಕರಗಲು ಶುರುವಾಗುವುದು ಸುಮಾರು 1260 ಡಿಗ್ರಿ ಸೆಲ್ಸಿಯಸ್‌ನಲ್ಲಿ, 304 ಕರಗುವುದು 1400ರ ಆಸುಪಾಸಿನಲ್ಲಿ. ಅಂದರೆ ಮೊದಲು ಕರಗುವುದು ದುಬಾರಿ ಲೋಹವೇ! ಆದರೆ ಯಂತ್ರ ಕೆಡಲು ಲೋಹ ಕರಗಲೇಬೇಕೆಂದಿಲ್ಲ. ಬಿಸಿಯಲ್ಲಿ ಭಾರ ಹೊತ್ತು ನಿಂತ ಲೋಹ ದಿನದಿನಕ್ಕೆ ಒಂದಿಷ್ಟು ಹಿಗ್ಗುತ್ತದೆ, ಇದಕ್ಕೆ ಎಂಜಿನಿಯರುಗಳು ಕ್ರೀಪ್ ಎನ್ನುತ್ತಾರೆ. 718ರೊಳಗೆ ನಿಯೋಬಿಯಂ ಸೇರಿದ ಅತಿಸೂಕ್ಷ್ಮ ಕಣಗಳು ಈ ಜಾರುವಿಕೆಯನ್ನು ತಡೆಯುತ್ತವೆ. ಸುಮಾರು 650 ಡಿಗ್ರಿಯಲ್ಲಿ ಅದು ಹೊರುವ ಭಾರವನ್ನು 304 ಹೊರಲಾರದು. ಜೆಟ್ ಎಂಜಿನ್ನಿನ ಡಿಸ್ಕುಗಳಿಗೆ ಅದನ್ನು ಬಳಸುವುದು ಇದಕ್ಕೇ.

ಅಸಲಿ ಯಾವುದು ಎಂದು ತಿಳಿಯಲು ಕಾರ್ಖಾನೆಗಳಲ್ಲಿ ಎಕ್ಸ್‌ಆರ್‌ಎಫ್ ಗನ್ ಇರುತ್ತದೆ. ಎಕ್ಸ್-ಕಿರಣ ಬಿಟ್ಟು, ನಿಕಲ್ ಎಷ್ಟು, ಕ್ರೋಮಿಯಂ ಎಷ್ಟು ಎಂದು ಕೆಲವೇ ಸೆಕೆಂಡುಗಳಲ್ಲಿ ತೋರಿಸುತ್ತದೆ. ಮಾಲಿನ ಮೇಲಿರುವ ಹೀಟ್ ನಂಬರ್, ಟೆಸ್ಟ್ ಸರ್ಟಿಫಿಕೇಟಿನಲ್ಲಿರುವ ನಂಬರಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಮಾಲು ವಾಪಸ್ ಕಳಿಸಿ.