ಪಿಯಾನೊದ ಮುಂದೆ ಒಂದು ಹರಿಕಥೆ

ಉಡುಪಿ ಜಿಲ್ಲೆಯ ಬಜಗೋಳಿಯ ಆಸುಪಾಸಿನಲ್ಲಿ ಹರಿಕಥೆ ಕೇಳಿ ಬೆಳೆದವರಿಗೆ ಗೊತ್ತು, ದಾಸರು ಎದ್ದು ನಿಂತ ಕೂಡಲೇ ಕಥೆಗೆ ಇಳಿಯುವುದಿಲ್ಲ. ಮೊದಲು ಪೀಠಿಕೆ, ನಡುವೆ ಒಂದು ಉಪಕಥೆ, ಚಿಟಿಕೆಯ ತಾಳ. ಹಾಡು ಬರುವಷ್ಟರಲ್ಲಿ ಕೇಳುವವರ ಮನಸ್ಸು ಹದಕ್ಕೆ ಬಂದಿರುತ್ತದೆ. ಮಲ್ಪೆ ಶಂಕರನಾರಾಯಣ ಸಾಮಗರು, ಅವರ ತಮ್ಮ ರಾಮದಾಸ ಸಾಮಗರು ತಾಳಮದ್ದಳೆಯಲ್ಲಿ ಮಾತ್ರವಲ್ಲ, ಹರಿಕಥೆಯಲ್ಲೂ ಈ ಜಿಲ್ಲೆಯ ಕಿವಿಯನ್ನು ಪಳಗಿಸಿದವರು.

ಪಾಶ್ಚಾತ್ಯ ಸಂಗೀತದಲ್ಲೂ ಇದಕ್ಕೆ ಹತ್ತಿರದ ಒಂದು ಕಲೆ ಇದೆ. ವೇದಿಕೆಯಲ್ಲಿ ಒಂದು ಪಿಯಾನೊ, ಒಬ್ಬರೇ ವಾದಕರು. ಅವರು ಕೃತಿ ರಚಿಸಿದವನ ಬದುಕನ್ನು ಹೇಳುತ್ತಾರೆ, ನುಡಿಸುತ್ತಾರೆ, ಮತ್ತೆ ಹೇಳುತ್ತಾರೆ. ಒಂದು ಸ್ವರಗುಚ್ಛವನ್ನು ಎಡಗೈಯಲ್ಲಿ ನಿಧಾನವಾಗಿ ನುಡಿಸಿ, ‘ಇದು ಮುಂದೆ ಮತ್ತೆ ಬರುತ್ತದೆ, ಗಮನಿಸಿ’ ಎನ್ನುತ್ತಾರೆ. ದಾಸರಿಗೆ ಹಾಡಿನ ಸಾಹಿತ್ಯವೇ ಆಸರೆ. ಪಿಯಾನೊಗೆ ಮಾತಿಲ್ಲ, ಆದ್ದರಿಂದ ಮಾತನ್ನು ವಾದಕರೇ ಹೊತ್ತು ತರಬೇಕು.

ಇಂಥ ಕಾರ್ಯಕ್ರಮ ನಮ್ಮೂರಿಗೆ ಬರುವುದಾದರೆ ಯಾರ ಕಥೆಯಿಂದ ಶುರುವಾಗಬೇಕು? ಬೀಥೋವನ್, ಶೊಪಾನ್ ಹೆಸರು ಥಟ್ಟನೆ ನೆನಪಾಗುತ್ತದೆ. ನಾನು ಹೇಳುವುದು ನಿಕೊಲಾಯ್ ಮೆಟ್ನರ್ ಹೆಸರನ್ನು. ಅವನ ಕಥೆ ಮೈಸೂರಿನ ಮೂಲಕ ಹಾದುಹೋಗುತ್ತದೆ.

ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ. ಸಂಗೀತ ರಚನಕಾರ ರಾಖ್ಮನಿನೋವ್‌ನ ಆಪ್ತಮಿತ್ರ. 1921ರಲ್ಲಿ ರಷ್ಯಾ ಬಿಟ್ಟು, ಅಲೆದಾಡಿ, ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತ. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಹೃದಯ ಕೈಕೊಟ್ಟಿತು. ಅವನ ಸಂಗೀತ ಕೇಳುವವರೂ ಕಡಿಮೆಯಾದರು.

ಅದೇ ಹೊತ್ತಿಗೆ ಮೈಸೂರಿನಲ್ಲಿ ಪಿಯಾನೊ ವಾದಕನಾಗುವ ಹಂಬಲ ಹೊತ್ತ ಒಬ್ಬ ತರುಣನಿದ್ದ. 1940ರ ಮಾರ್ಚ್‌ನಲ್ಲಿ ತಂದೆ, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು, 21ರ ಹರೆಯದ ಜಯಚಾಮರಾಜೇಂದ್ರ ಒಡೆಯರು ಸಿಂಹಾಸನ ಏರಬೇಕಾಯಿತು. ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು, ಸಂಗೀತದ ಪ್ರೀತಿ ಮುಗಿಯಲಿಲ್ಲ. ಯುದ್ಧ ಮುಗಿದ ಮೇಲೆ ಅವರು ಕೊಟ್ಟ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಮುದುಕನಾಗಿದ್ದ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸಿದ. ತನ್ನ ಮೂರನೆಯ ಪಿಯಾನೊ ಕಾನ್ಸೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಇಂದು ಅವನ ಕೈಬೆರಳಿನ ಸ್ಪರ್ಶ ನಮಗೆ ಕೇಳಿಸುತ್ತಿದ್ದರೆ ಅದಕ್ಕೆ ಕಾರಣ ಒಬ್ಬ ಕನ್ನಡದ ದೊರೆ. ಮೈಸೂರಿನವರಿಗೇ ಇದು ಎಷ್ಟು ಗೊತ್ತು ಎಂದು ನೆನೆದಾಗ ನನಗೆ ಸಂಕಟವಾಗುತ್ತದೆ. ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದವರೂ ಇದೇ ಒಡೆಯರು. ಅವರ ತಂಗಿ ವಿಜಯಾದೇವಿಯವರೂ ಪಿಯಾನೊ ಕಲಿತವರೇ. ಬೆಂಗಳೂರಿನ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದವರು ಅವರು.

ಮೆಟ್ನರ್‌ನನ್ನು ಆರಿಸಲು ಇನ್ನೊಂದು ಕಾರಣವಿದೆ. ಅವನು ಬರೆದ ಮೂವತ್ತಕ್ಕೂ ಹೆಚ್ಚು ಚಿಕ್ಕ ಪಿಯಾನೊ ಕೃತಿಗಳಿಗೆ ಅವನೇ ಇಟ್ಟ ಹೆಸರು ‘ಸ್ಕಾಜ್ಕಿ’. ನಮ್ಮ ಮಾತಿನಲ್ಲಿ ಅಜ್ಜಿಕಥೆಗಳು. ಬಹುಪಾಲು ಕೃತಿಗಳಲ್ಲಿ ಕಥೆ ಯಾವುದೆಂದು ಅವನು ಹೇಳುವುದೇ ಇಲ್ಲ, ಕೇಳುವವರು ಕಟ್ಟಿಕೊಳ್ಳಬೇಕು. ಒಂದರ ತಲೆಯ ಮೇಲಾದರೋ ಷೇಕ್ಸ್‌ಪಿಯರ್‌ನ ಲಿಯರ್ ದೊರೆ ಬಿರುಗಾಳಿಯನ್ನು ಕರೆಯುವ ಮಾತನ್ನು ಬರೆದಿದ್ದಾನೆ. ಮಕ್ಕಳಿಂದ ತಿರಸ್ಕೃತನಾದ ಮುದುಕ ಬಯಲಿನಲ್ಲಿ ಮಳೆಗೆ ಮೈಯೊಡ್ಡಿ ನಿಂತ ಸಂದರ್ಭ ಅದು. ಕುದುರೆಮುಖದ ಬುಡದಲ್ಲಿ ಆಟಿ ತಿಂಗಳ ಮಳೆ ಕಂಡವರಿಗೆ ಆ ಸ್ವರಗಳನ್ನು ಬಿಡಿಸಿ ಹೇಳುವ ಅಗತ್ಯ ಬೀಳದು.

ಆ ಮಳೆಯೇ ಪಿಯಾನೊದ ಶತ್ರುವೂ ಹೌದು. 88 ಕೀಲಿಗಳು, ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳು, ಉಣ್ಣೆ ಸುತ್ತಿದ ಸುತ್ತಿಗೆಗಳು. ತೇವಕ್ಕೆ ಮರ ಉಬ್ಬುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಶ್ರುತಿ ತಪ್ಪುತ್ತದೆ. ಮಳೆಗಾಲದಲ್ಲಿ ಮದ್ದಳೆಯ ಚರ್ಮ ಸಡಿಲವಾಗುವುದನ್ನು ನೋಡಿದವರಿಗೆ ಇದು ಹೊಸ ಪಾಡಲ್ಲ. ಒಳ್ಳೆಯ ಡಿಜಿಟಲ್ ಪಿಯಾನೊ ಸಿಕ್ಕರೆ ಶುರುವಿಗೆ ಸಾಕು.

ಮಣಿಪಾಲ, ಉಡುಪಿ, ಮಂಗಳೂರಿನಲ್ಲಿ ಪಿಯಾನೊ ಕಲಿತಿರುವ ಮಕ್ಕಳೇ, ಕಲಿಸುತ್ತಿರುವ ಗುರುಗಳೇ, ದೀಪಾವಳಿ ಕಳೆದು ಯಕ್ಷಗಾನದ ಮೇಳಗಳು ಹೊರಡುವ ಹೊತ್ತಿಗೆ ಒಂದು ಸಂಜೆ ಬಜಗೋಳಿಗೆ ಬನ್ನಿ. ಕಥೆಯನ್ನು ಕನ್ನಡದಲ್ಲಿ ಹೇಳಿ, ತುಳುವಿನಲ್ಲಾದರೆ ಇನ್ನೂ ಸಂತೋಷ. ಲಿಯರ್ ದೊರೆಯ ಬಿರುಗಾಳಿಯಿಂದಲೇ ಶುರು ಮಾಡಿ.