ಬೆಕ್ಕೂ ಇರಲಿ, ಜಾಡಿಯೂ ಉಳಿಯಲಿ

ಶಿಡ್ಲಘಟ್ಟ, ಚಿಂತಾಮಣಿಗಳ ಸುತ್ತಿನ ರೇಷ್ಮೆ ಬೆಳೆಯುವ ಮನೆಗಳಲ್ಲಿ ಬೆಕ್ಕು ಬರಿಯ ಮುದ್ದಿನ ಪ್ರಾಣಿಯಲ್ಲ; ಅದೊಂದು ಕಾವಲು. ತಟ್ಟೆಯ ಹುಳುವನ್ನಾಗಲಿ ಚಂದ್ರಂಕಿಯ ಗೂಡನ್ನಾಗಲಿ ಇಲಿ ಬಿಡುವುದಿಲ್ಲ. ಗೂಡು ಮಾರುಕಟ್ಟೆಗೆ ಹೋಗುವ ಮುನ್ನ ಇಲಿ ಹೊಕ್ಕಿತೆಂದರೆ ಸುಮಾರು ಒಂದು ತಿಂಗಳ ದುಡಿಮೆಗೇ ಪೆಟ್ಟು. ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ಪೇಟೆಯ ಮನೆಗಳಲ್ಲಿ ಹುಳು ಇಲ್ಲದಿದ್ದರೂ ಅಕ್ಕಿ ರಾಗಿಯ ಮೂಟೆಗಳಿವೆ. ಅಲ್ಲಿಯೂ ಬೆಕ್ಕು ಬೇಕು.

ಹೀಗೆ ಬೇಕಾದ ಬೆಕ್ಕೇ ಉಪ್ಪಿನಕಾಯಿಯ ಪಿಂಗಾಣಿ ಜಾಡಿಯನ್ನೋ ಗಾಜಿನ ಹೂದಾನಿಯನ್ನೋ ಉರುಳಿಸಿದಾಗ ಕೋಲು ಕೈಗೆ ಬರುತ್ತದೆ. ಊರಾಚೆ ಬಿಟ್ಟು ಬರೋಣವೆಂಬ ಮಾತೂ ಹೊರಡುತ್ತದೆ. ಆ ತೀರ್ಮಾನಕ್ಕೆ ಮುನ್ನ ಬೆಕ್ಕು ಹಾಗೇಕೆ ಮಾಡುತ್ತದೆಂಬುದನ್ನು ತಿಳಿಯುವುದು ಒಳ್ಳೆಯದು.

ಬೆಕ್ಕು ಬೇಟೆಯ ಪ್ರಾಣಿ. ದೂರದ ಅಲುಗಾಟ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಆದರೆ ಮೂಗಿನ ಹತ್ತಿರದ, ಗೇಣಿಗಿಂತ ಸಮೀಪದ ವಸ್ತು ಸ್ಪಷ್ಟವಾಗಿ ಕಾಣದು. ಆದುದರಿಂದ ಮೀಸೆಯಿಂದ ಸೋಕಿ, ಪಂಜದಿಂದ ತಟ್ಟಿ ನೋಡುತ್ತದೆ. ತಟ್ಟಿದ್ದು ಉರುಳಿದರೆ ಅದರ ಪಾಲಿಗೆ ಓಡುವ ಇಲಿಯಂತೆಯೇ. ಸದ್ದು ಕೇಳಿ ನಾವು ಓಡಿಬಂದರಂತೂ ಆಟ ಮತ್ತಷ್ಟು ರುಚಿಸುತ್ತದೆ. ಎತ್ತರವೂ ಅದಕ್ಕೆ ಇಷ್ಟ. 5 ಅಡಿ ನೆಗೆಯುವುದು ದೊಡ್ಡ ಮಾತಲ್ಲ. ಹಿಂದೆ ವಾಲ್ವ್ ರೇಡಿಯೋಗಳ ಮೇಲೆ ಬೆಕ್ಕು ಮಲಗುತ್ತಿದ್ದುದು ಸಂಗೀತಕ್ಕಾಗಿಯಲ್ಲ, ಪೆಟ್ಟಿಗೆಯ ಬಿಸುಪಿಗಾಗಿ.

ನಮ್ಮ ಹಿರಿಯರು ಹಾಲು ಮೊಸರಿನ ಗಡಿಗೆಗಳನ್ನು ನೆಲುವಿನಲ್ಲಿ ತೂಗುಹಾಕುತ್ತಿದ್ದರು. ಬೆಕ್ಕನ್ನು ತಿದ್ದುವುದಕ್ಕಿಂತ ವಸ್ತುವಿನ ಜಾಗ ತಿದ್ದುವುದು ಸುಲಭವೆಂದು ಅವರು ಕಂಡುಕೊಂಡಿದ್ದರು. ಇಂದಿಗೂ ಅದೇ ಸರಿ. ಭಾರದ ಜಾಡಿಗಳನ್ನು ಅಟ್ಟದ ಅಂಚಿನಲ್ಲಿಡದೆ ನೆಲದ ಮೂಲೆಯಲ್ಲಿಡಿ. ಹಲಗೆಗಳ ಅಂಚಿಗೆ ಎರಡು ಬೆರಳೆತ್ತರದ ಪಟ್ಟಿ ಹೊಡೆಸಿ. ಹೂದಾನಿಯ ಅಡಿಯಲ್ಲಿ ಮರಳು ತುಂಬಿದರೆ ಬೇಗ ಉರುಳದು. ತೀರ ಬೆಲೆಯುಳ್ಳದ್ದು ಬಾಗಿಲಿರುವ ಬೀರುವಿನಲ್ಲಿರಲಿ.

ದಸರೆಯ ಗೊಂಬೆಗಳಿಗೆ ಹೆಚ್ಚಿನ ಎಚ್ಚರ ಬೇಕು. ತಾಯಿಯಿಂದ ಮಗಳಿಗೆ ಬಂದ ಮಣ್ಣಿನ ಗೊಂಬೆ ಒಡೆದರೆ ಅಂಗಡಿಯಲ್ಲಿ ಅದರ ಜೋಡಿ ಸಿಗುವುದಿಲ್ಲ. ಗೊಂಬೆಯ ತಳಕ್ಕೆ ಮಿದ್ದಿದ ಜೇನುಮೇಣದ ನಾಲ್ಕು ಉಂಡೆ ಒತ್ತಿ ನಿಲ್ಲಿಸಿ. ಮೆಟ್ಟಿಲಿಗೆ ಹಾಸಿದ ಬಟ್ಟೆಯ ಅಂಚು ಜೋತಾಡದಂತೆ ಒಳಕ್ಕೆ ಮಡಿಸಿ; ಜೋತಾಡುವ ಅಂಚು ಬೆಕ್ಕಿಗೆ ಕರೆಯೋಲೆ. ಉರಿಯುವ ದೀಪವನ್ನು ಕಾವಲಿಲ್ಲದೆ ಬಿಡಬೇಡಿ. ರಾತ್ರಿ ಆ ಕೋಣೆಯ ಬಾಗಿಲು ಹಾಕಿ.

ಕಿತ್ತಳೆ, ನಿಂಬೆಯ ಸಿಪ್ಪೆಯ ವಾಸನೆ ಅನೇಕ ಬೆಕ್ಕುಗಳಿಗೆ ಹಿಡಿಸದು. ಹಲಗೆಯ ಮೇಲೆ ಇಟ್ಟು ನೋಡಬಹುದು. ನುಸಿಗುಳಿಗೆಯನ್ನು ಮಾತ್ರ ಇಡಬೇಡಿ, ಅದು ಬೆಕ್ಕಿಗೆ ವಿಷ.

ಕೊನೆಯದಾಗಿ, ಬೆಕ್ಕಿಗೂ ಒಂದು ಎತ್ತರದ ಜಾಗ ಕೊಡಿ. ಕಿಟಕಿಯ ಬಳಿ ಖಾಲಿ ಹಲಗೆಯೊಂದರ ಮೇಲೆ ಹಳೆಯ ಗೋಣಿ ಹಾಸಿದರೆ ಸಾಕು. ಸಂಜೆ ಹತ್ತು ನಿಮಿಷ ದಾರಕ್ಕೆ ಕಟ್ಟಿದ ಬಟ್ಟೆಯುಂಡೆ ಆಡಿಸಿ, ಆಮೇಲೆ ಊಟವಿಡಿ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ, ಬೆಕ್ಕು ಅದನ್ನು ನುಂಗಿದರೆ ಅಪಾಯ. ಹೊಡೆದರೆ ಅದು ಕಲಿಯುವುದು ನಿಮಗೆ ಹೆದರುವುದನ್ನೇ ಹೊರತು ಜಾಡಿಯ ಬೆಲೆಯನ್ನಲ್ಲ.